ಸೇತುವೆ ನುಂಗಿದ ಮೀನು

…ಅಲ್ಲ ತಾಯಿ, ನೀನು ನಗೋದಾದ್ರೆ ನಾನು ಹೇಳೋದೇ ಇಲ್ಲ. ನಗ್ತಿಲ್ವಾ? ಮತ್ತೆ ಆ ತುಟಿ ಯಾಕೆ ಹಾಗೆ ಸೊಟ್ಟಗಾಯ್ತು? ಹಲ್ಲಿನ ಸಂದೀಲಿ ಕಡಲೆಬೀಜ ಸಿಕ್ಕೊಂಡಿದೆಯಾ? ಸರಿ ಸರಿ, ಹಾಗಾದ್ರೆ ಕೇಳು. ಕಂಪಾಲಾದ ರಸ್ತೆ ಆಫೀಸಿಂದ ಬೋಡಾ ಅನ್ನೋ ಬಾಡಿಗೆ ಬೈಕಿನ ಹಿಂದೆ ಕೂತು, ಧೂಳು ಕುಡ್ಕೊಂಡು, ಇಷ್ಟು ದೂರ ಬಂದಿದೀಯ. ಬಂದವಳೇ ಈ ಅಜ್ಜನ್ನ ಏನು ಕೇಳಿದೆ? ‘ಜಜ್ಜಾ, ಈ ಗುಡ್ಡದ ರಸ್ತೆಗಳೆಲ್ಲ ಯಾಕೆ ಕುಡುಕರ ಥರ ತಿರುಗ್ತಾವೆ, ಒಂದಕ್ಕೊಂದು ಯಾಕೆ ಕೂಡಲ್ಲ’ ಅಂದೆ. ನಾನು ಉತ್ತರ ಹೇಳಿದೆ. ಅವು ಕುಡುಕನ ರಸ್ತೆಗಳೇ. ಆ ಕುಡುಕ ನಾನೇ. ಇದರಲ್ಲಿ ನಗೋದೇನಿದೆ!

ಕೂತ್ಕೋ, ಕೂತ್ಕೋ, ಬೆಂಚಿನ ಮೇಲೆ ಇನ್ನೂ ಹಿಂದಕ್ಕೆ ಸರಿದು ಕೂತ್ಕೋ. ಗಟ್ಟಿ ಬೆಂಚು. ಆನೆ ಕೂತ್ರೂ ಏನೂ ಆಗಲ್ಲ. ಚಾಪೆ ಮಾತ್ರ ಎತ್ತಬೇಡ, ಕೆಳಗೆ ಇರುವೆ ಇದಾವೆ.

ನನ್ನ ಪ್ರಾಯದಲ್ಲಿ ಈ ಕಿಟೆರೊ ಗುಡ್ಡದಲ್ಲಿ ಏನಿತ್ತು ಅಂತೀಯ? ಆಳೆತ್ತರದ ಹುಲ್ಲು, ಬಾಳೆ, ನಮ್ಮಪ್ಪನ ಮನೆ. ಅಷ್ಟೇ. ನೆತ್ತಿ ಮೇಲೆ ನನ್ನ ಗೆಳೆಯ ಲ್ವಾಸಾ ಬಾಳೆಹಣ್ಣಿನ ಹೆಂಡ ಮಾಡ್ತಿದ್ದ. ಎಂಥಾ ಹೆಂಡ ಅಂದ್ರೆ, ಅದರ ಮಡಕೆ ಮೇಲೆ ಹಾರಿ ಬಂದ ನೊಣ ಮೂರು ದಿನ ನೆಟ್ಟಗೆ ಹಾರ್ತಿರಲಿಲ್ಲ. ಸಂಜೆ ನಾನು ನೇರ ಹತ್ತಿ ಹೋಗ್ತಿದ್ದೆ. ಇಳಿಯುವಾಗ ಮಾತ್ರ ಗುಡ್ಡಾನೇ ನನ್ನ ಕಾಲ ಕೆಳಗೆ ಆ ಕಡೆ ಈ ಕಡೆ ವಾಲ್ತಿತ್ತು. ನನ್ನ ತಪ್ಪಾ? ಗುಡ್ಡದ ತಪ್ಪು! ಮಾರನೇ ದಿನ ನಾನು ತುಳಿದ ಹುಲ್ಲಿನ ಮೇಲೆ ನಮ್ಮ ಹಸು ನಡೀತು. ಹಸು ಹಿಂದೆ ಮೇಕೆ. ಮೇಕೆ ಹಿಂದೆ ನೀರಿಗೆ ಹೋಗೋ ಹೆಂಗಸರು. ಹೆಂಗಸರ ಹಿಂದೆ, ಕೇಳಬೇಕಾ, ಸೈಕಲ್ಲಿನ ಗಂಡಸರು. ಕೊನೆಗೆ ಒಬ್ಬ ಬಿಳೀ ಅಂಗಿಯವನು ಮೂರು ಕಾಲಿನ ದುರ್ಬೀನು ಹೊತ್ಕೊಂಡು ಬಂದ. ಒಂದು ಕಣ್ಣು ಮುಚ್ಚಿ ನನ್ನ ಅಮಲನ್ನ ಉದ್ದಕ್ಕೂ ಅಳೆದ, ಬರ್ಕೊಂಡ, ಹೋದ. ಅದರ ಮೇಲೇ ಡಾಂಬರು ಸುರಿದ್ರು!

ಆ ಕಸಾಯಿ ಅಂಗಡಿ ಹತ್ರ ಇಟ್ಟಿಗೆ ಲಾರಿಗಳು ಮಗುಚ್ತಾವಲ್ಲ, ಆ ದೊಡ್ಡ ತಿರುವು? ಅಲ್ಲಿ ಒಂದು ಹೆಬ್ಬಾವು ಮಲಗಿತ್ತು. ದಾಟೋಕೆ ಧೈರ್ಯ ಇರಲಿಲ್ಲ… ಅಲ್ಲ, ಧೈರ್ಯ ಇತ್ತು, ಮಲಗಿದೋರನ್ನ ದಾಟಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ಲು. ಸುತ್ಕೊಂಡು ಹೊರಟೆ. ಅದರ ತಲೆ ಹತ್ರ ಹೊರಟಾಗ ಸೂರ್ಯ ಮುಳುಗ್ತಿದ್ದ. ಬಾಲ ಸಿಕ್ಕಾಗ ಕೋಳಿ ಕೂಗ್ತಿತ್ತು. ಅದಕ್ಕೇ ಆ ತಿರುವು ಅಷ್ಟುದ್ದ! ಬರ್ಕೋ ಬರ್ಕೋ. ಯಾಕೆ ಬರ್ಕೊಳ್ತಿಲ್ಲ? ಫೋನಲ್ಲೇ ಗೆರೆ ಎಳೀತೀಯಾ? ಎಳಿ. ‘ಹೆಬ್ಬಾವು’ ಅಂತ ಒಂದು ಗುರುತು ಹಾಕು ಅಲ್ಲಿ.

ನಾನು ಶಾಲೆ ಮೆಟ್ಟಿಲು ಹತ್ತಿದೋನಲ್ಲ ತಾಯಿ. ಅಕ್ಷರ ನನಗೆ ಇರುವೆ ಸಾಲು ಕಂಡ ಹಾಗೆ ಕಾಣುತ್ತೆ. ಆದ್ರೆ ಹೆಜ್ಜೆ ಓದ್ತೀನಿ. ನಿನ್ನ ಎಡಗಾಲಿನ ಚಪ್ಪಲಿ ಹಿಮ್ಮಡಿ ಸವೆದಿದೆ, ಬೈಕಿಂದ ಇಳಿಯುವಾಗ ಆ ಕಾಲನ್ನೇ ಮೊದಲು ಊರ್ತೀಯ. ನೋಡ್ಕೋ ಬೇಕಾದ್ರೆ… ಹೌದು ತಾನೇ? ಹಾಂ! ಈ ಮುಬಿರು ಅಂದ್ರೆ ಏನಂದ್ಕೊಂಡಿದೀಯ!

ಇರಲಿ, ವಿಷಯಕ್ಕೆ ಬರ್ತೀನಿ. ಪಟ್ಟಣ ಅನ್ನೋದು ಚೆಲ್ಲಿದ ಗಂಜಿ ಥರ, ತಗ್ಗಿದ್ದ ಕಡೆ ಹರೀತಾನೇ ಬಂತು. ಐವತ್ತಕ್ಕೆ ನೂರಡಿ, ಐವತ್ತಕ್ಕೆ ನೂರಡಿ, ಗುಡ್ಡಾನ ಬೆಲ್ಲದ ಅಚ್ಚಿನ ಹಾಗೆ ಕತ್ತರಿಸಿ ಮಾರಿದ್ರು. ಕೊಂಡೋನು ಮೊದಲು ಮನೆ ಕಟ್ತಾನೆ ಅಂದ್ಕೊಂಡ್ಯಾ? ಮೊದಲು ಗೋಡೆ! ಗೋಡೆ ಮೇಲೆ ಒಡೆದ ಗಾಜು. ದಾರಿ ಎಲ್ಲಿ ಬಿಡ್ತೀಯಪ್ಪಾ ಅಂತ ಕೇಳಿದ್ರೆ, ‘ಪಕ್ಕದವನು ಬಿಡ್ತಾನೆ’ ಅಂದ. ಪಕ್ಕದವನನ್ನ ಕೇಳಿದೆ. ‘ಅವನಾಚೆಯವನು ಬಿಡ್ತಾನೆ’ ಅಂದ. ಹೀಗೆ ಕೇಳ್ತಾ ಕೇಳ್ತಾ ಗುಡ್ಡ ಸುತ್ತಿ ಬಂದು ಮತ್ತೆ ಮೊದಲನೆಯವನ ಗೇಟಿಗೇ ತಲೆ ಹೊಡೆಸ್ಕೊಂಡೆ! ಈಗ ನೋಡು. ಪ್ರತಿ ಓಣಿನೂ ಘನವಾಗಿ ಒಳಗೆ ಕರೆಯುತ್ತೆ, ಆಮೇಲೆ ಗೋಡೆ ತೋರ್ಸುತ್ತೆ. ಸೋರೆಬುರುಡೆ ಒಳಗೆ ಹೊಕ್ಕ ಇಲಿ ಥರ ಆಗಿಬಿಟ್ವಿ. ಬೋಡಾ ಹುಡುಗರು ಸಂದುಗೊಂದಿಗೆ ‘ಇಲಿದಾರಿ’ ಅಂತ ಹೆಸರಿಟ್ಟಿರೋದು ಸುಮ್ಮನೇನಾ?

ಹೋದ ವರ್ಷ ಒಂದು ಗಂಡಿನ ಕಡೆಯೋರು ಹುಡುಗಿ ಮನೆಗೆ ಅಂತ ಹೊರಟ್ರು. ಎಲ್ಲ ಬಿಳೀ ನಿಲುವಂಗಿ, ಬುಟ್ಟಿ ತುಂಬ ಉಡುಗೊರೆ, ಮೇಕೆ, ಹುಂಜ. ಓಣಿ ತಪ್ಪಿತು. ಮೂರು ಸಲ ಗೋಡೆಗೆ ಹೋಗಿ ವಾಪಸ್ ಬಂದ್ರು, ನಾಲ್ಕನೇ ಸಲ ಕೊನೇಮನೆ ಗೇಟು ತೆರೆದಿತ್ತು. ಒಳಗೆ ಹೋದ್ರು. ಆ ಮನೆಯವನಿಗೆ ಏಳು ಜನ ಮದುವೆಯಾಗದ ಹೆಣ್ಣುಮಕ್ಕಳು! ಮೆಲ್ಲಗೆ ಹಿಂದಿಂದ ಗೇಟು ಹಾಕಿ ಚಿಲಕ ಜಡಿದ. ‘ಬನ್ನಿ ಬನ್ನಿ, ಎಷ್ಟು ವರ್ಷ ಕಾಯಿಸಿದ್ರಿ’ ಅಂದ. ಆ ಹುಡುಗ ಈಗ ಎರಡನೇ ಮಗೂಗೆ ಕಾಯ್ತಿದಾನೆ. ಸುಖವಾಗಿದಾನೆ, ಪಾಪ. ಹೊರಗೆ ಬರೋ ದಾರಿ ಮಾತ್ರ ಇನ್ನೂ ಸಿಕ್ಕಿಲ್ಲ.

ಈಗ ನಕ್ಕೆ! ಈ ಸಲ ಕಡಲೆಬೀಜ ಅಲ್ಲ!

ಅಲ್ಲಿ ನೋಡು, ತೊರೆ ಆಚೆ, ಎದುರು ಗುಡ್ಡ. ಶಾಲೆ ಅಲ್ಲಿ, ಸಂತೆ ಅಲ್ಲಿ, ಆಸ್ಪತ್ರೆ ಅಲ್ಲಿ. ಅಲ್ಲಿ ಯಾರಾದ್ರೂ ಮೀನು ಹುರಿದ್ರೆ ಇಲ್ಲಿ ನನ್ನ ಮೂಗು ಅರಳುತ್ತೆ. ಆದ್ರೆ ಡಾಂಬರು ರಸ್ತೇಲಿ ಹೋಗಬೇಕಾದ್ರೆ? ನಮ್ಮ ಗುಡ್ಡದ ತಲೆ ಹತ್ತಬೇಕು, ಪಟ್ಟಣದ ಕಡೆ ಹೋಗಬೇಕು, ವೃತ್ತ ಸುತ್ತಬೇಕು, ಆ ಗುಡ್ಡದ ತಲೆ ಹತ್ತಬೇಕು, ಇಳೀಬೇಕು. ಹೊರಡುವಾಗ ನೆಟ್ಟ ಬಾಳೆ ವಾಪಸ್ ಬರೋ ಹೊತ್ತಿಗೆ ಗೊನೆ ಹಾಕಿರುತ್ತೆ. ಅದಕ್ಕೇ ಎಲ್ಲರೂ ನನ್ನ ಅಂಗಳಕ್ಕೆ ಬರ್ತಾರೆ. ಇಡೀ ಗುಡ್ಡದಲ್ಲಿ ಗೋಡೆ ಇಲ್ಲದ ಮನೆ ನಂದೊಂದೇ. ಹಿತ್ತಲಲ್ಲಿ ತೊರೆ ಸಣ್ಣಗಾಗುತ್ತೆ, ಮೆಟ್ಟೋಕೆ ಕಲ್ಲು ನಾನೇ ಹಾಕಿದೀನಿ. ಆ ಕಲ್ಲುಗಳು… ಒಂದೊಂದನ್ನೂ ಒಂದೇ ಕೈಲಿ… ಸರಿ, ಅದು ಆಮೇಲೆ.

ಸುಂಕ? ಇದೆಯಲ್ಲ! ಪುಕ್ಕಟೆ ಯಾರನ್ನೂ ಬಿಡಲ್ಲ. ದುಡ್ಡಲ್ಲ ತಾಯಿ, ಛೇ. ನಿಂತು ಮಾತಾಡಿಸಬೇಕು. ‘ರಾತ್ರಿ ಹೇಗೆ ಕಳೀತು ಜಜ್ಜಾ, ಮನೇಲಿ ಎಲ್ಲ ಹೇಗಿದಾರೆ’ ಅನ್ನಬೇಕು. ಮನೇಲಿ ನಾನೊಬ್ಬನೇ, ಆದ್ರೂ ಕೇಳಬೇಕು. ಆಮೇಲೆ ಒಂದು ಸುದ್ದಿ ಹೇಳಬೇಕು. ತಾಜಾ ಸುದ್ದಿ! ನಿನ್ನೆಯದು ನಡೆಯಲ್ಲ. ಯಾರ ಮನೇಲಿ ಯಾರು ಮುನಿಸ್ಕೊಂಡ್ರು, ಯಾವ ಪಾದ್ರಿಯ ಹಂದಿ ಕಳೀತು, ನನಗೆ ಮೊದಲು ಗೊತ್ತಾಗಬೇಕು. ಈ ಗುಡ್ಡದಲ್ಲಿ ಒಂದು ಮಗು ಹುಟ್ಟಿದ್ರೆ ಅದರಪ್ಪನಿಗಿಂತ ಮೊದಲು ನನಗೆ ತಿಳಿಯುತ್ತೆ. ಕೆಲವು ಸಲ ಅಪ್ಪ ಯಾರು ಅಂತಲೂ!

ಓ, ನೋಡು, ಬಂದ್ಲು. ಅವಳೇ ನಾಲೊಂಗೋ, ಅವಳಿ ಮಕ್ಕಳ ತಾಯಿ. ಆಚೆ ಸಂತೇಲಿ ಬೇಯಿಸಿದ ಮರಗೆಣಸು ಮಾರ್ತಾಳೆ. ಏನಮ್ಮಾ ನಾಲೊಂಗೋ! ಚೆನ್ನಾಗಿದೀಯಾ? ಹೂಂ… ಹೂಂ… ಮಕ್ಕಳು? ಹೂಂ… ಇಬ್ಬರೂನಾ? ಹೂಂ… ಏಳು ಏಳು, ನಮಸ್ಕಾರಕ್ಕೆ ಅಂತ ಒದ್ದೆ ಲಂಗದಲ್ಲಿ ಮಂಡಿ ಊರಬೇಡ, ಅಂಗಳ ಕೆಸರಾಗುತ್ತೆ. ಮತ್ತೆ ಜಾರಿದ್ಯಾ? ಯಾವ ಕಲ್ಲು? ಮೂರನೇದು? ಅದು ಯಾವಾಗಲೂ ಹಾಗೇ, ತುಂಟ ಕಲ್ಲು. ಗೆಣಸು ಎಲ್ಲ ತೊರೆ ಪಾಲಾಯ್ತಾ? ಅಯ್ಯೋ… ಅಯ್ಯಯ್ಯೋ. ಏನು? ಏನಂದೆ? ಇಲ್ಲ ಇಲ್ಲ, ಅದೆಲ್ಲ ಎಲ್ಲಿ ಸಿಗುತ್ತಮ್ಮಾ ಇನ್ನು. ಸಿಕ್ಕಿಲ್ಲ. ಆಯ್ತು, ಹೋಗು ಹೋಗು, ಬಟ್ಟೆ ಬದಲಾಯಿಸ್ಕೋ. ಸುದ್ದಿ ನಾಳೆ ಕೊಡು, ಇವತ್ತು ನಿನಗೆ ಮಾಫಿ.

ಏನು ಕೇಳಿದ್ಲು ಅಂತಾನಾ? ಏನಿಲ್ಲ. ಕಳೆದುಹೋದ ಒಂದು… ಕೋಳಿ.

ಏನು, ಫೋನು ತೋರಿಸ್ತಿದೀಯ? ಇದೇನು ಈ ಹಸಿರು? ಮೇಲಿಂದ ತೆಗೆದ ಪಟಾನಾ? ಓಹೋಹೋ! ನನ್ನ ಹೆಬ್ಬಾವಿನ ತಿರುವು! ನೋಡಿದ್ಯಾ, ಪಟಾನೂ ನನ್ನ ಕಡೆ ಸಾಕ್ಷಿ ಹೇಳ್ತಿದೆ. ಈ ಸಣ್ಣ ಚೌಕ ನನ್ನ ಮನೆ. ಸರಿ. ಕೆಳಗಿನ ಓಣಿ ಕೊನೇಲಿ, ತೊರೆ ಹತ್ರ, ಇದೇನು ಗುರುತು ಹಾಕಿದೀಯ? ಹಳೇ ಪಟದಲ್ಲಿ ಅಲ್ಲಿ ಅಡ್ಡಕ್ಕೆ ಒಂದು ಗೆರೆ ಇತ್ತಾ? ಹೊಸ ಪಟದಲ್ಲಿ ಇಲ್ವಾ?

ಅದು… ಕೊಕ್ಕರೆ ಇರಬೇಕು. ನಮ್ಮ ಕಡೆ ಕೊಕ್ಕರೆ ಕಾಲು ಉದ್ದ.

ಏನು? ಇನ್ನೊಂದ್ಸಲ ಹೇಳು. ಅಲ್ಲಿ ಜನ ದಾಟ್ತಿದ್ರು ಅಂತ ಗೊತ್ತಾದ್ರೆ ಅಲ್ಲೇ ಸರ್ಕಾರದ ಸಿಮೆಂಟು ಸೇತುವೆ. ಹೂಂ. ದಾಟ್ತಿರಲಿಲ್ಲ ಅಂದ್ರೆ… ನನ್ನ ಅಂಗಳದ ಮೇಲೆ ರಸ್ತೆ? ಇಲ್ಲಿ? ಪೊರಕೆ ಹಿಡಿದು ದಿನಾ ಬೆಳಗ್ಗೆ ಗುಡಿಸ್ತೀನಲ್ಲ, ಇದರ ಮೇಲೆ? ಏಯ್, ಬೇಡ ತಾಯಿ! ಕಾರು ನಿಂತು ‘ರಾತ್ರಿ ಹೇಗೆ ಕಳೀತು ಜಜ್ಜಾ’ ಅನ್ನುತ್ತಾ? ಲಾರಿ ನನಗೆ ಸುದ್ದಿ ಹೇಳುತ್ತಾ? ಪೋಂ ಪೋಂ ಅನ್ನುತ್ತೆ. ಅದೊಂದು ಸುದ್ದೀನಾ? ರಸ್ತೆ ಬೇಡ. ಸೇತುವೇನೂ ಬೇಡ. ಎರಡೂ ಬೇಡ. ಈಗಿರೋ ಹಾಗೇ ಇರಲಿ, ಎಲ್ಲರಿಗೂ ಅನುಕೂಲವಾಗಿದೆ. ನಾಲೊಂಗೋ? ಅವಳಿಗೂ ಅನುಕೂಲ… ಸ್ವಲ್ಪ ಒದ್ದೆ ಅನುಕೂಲ.

ಅಲ್ಲಿ ಸೇತುವೆ ನಿಲ್ಲಲ್ಲ ತಾಯಿ, ನನ್ನ ಮಾತು ಕೇಳು. ಆ ಮಡುವಿನಲ್ಲಿ ಒಂದು ಮೀನಿದೆ. ಮಂಬಾ ಮೀನು. ಕೆಸರೊಳಗೆ ಮಲಗಿ ಉಸಿರಾಡುತ್ತಲ್ಲ, ಅದೇ. ಆದ್ರೆ ಸಂತೇಲಿ ಮಾರೋ ಗಾತ್ರದ್ದಲ್ಲ. ಹದಿನಾಲ್ಕು ಜನ ಕೂರೋ ಟ್ಯಾಕ್ಸಿ ನೋಡಿದೀಯಲ್ಲ, ಅಷ್ಟು! ಮೀಸೆ ಅಂದ್ರೆ ಬಾವಿ ಹಗ್ಗ. ನಮ್ಮದು ಮಂಬಾ ಕುಲ, ನಾವು ಆ ಮೀನು ಮುಟ್ಟಲ್ಲ, ಬಾಯಿಗಿಡಲ್ಲ. ಹಾಗಾಗಿ ಅದು ನನಗೆ ದೊಡ್ಡಪ್ಪ ಆಗಬೇಕು. ಮೊದಲ ಸಲ ಬೋಡಾ ಹುಡುಗರು ಅಲ್ಲಿ ಬಿದಿರಿನ ಸೇತುವೆ ಕಟ್ಟಿದ್ರು. ಬೆಳಗಾಗೋದರೊಳಗೆ ನುಂಗ್ತು. ಗಳ ಗಳಾನೇ, ಕಬ್ಬು ತಿಂದ ಹಾಗೆ! ಆಗ ಹುಡುಗರು ರೊಚ್ಚಿಗೆದ್ದು ದಪ್ಪ ಹಲಗೆ ತಂದ್ರು, ಒಂದೇ ಮರದ್ದು. ಮಳೇಲಿ ಕಾಲು ಜಾರಬಾರದು ಅಂತ ಅಡ್ಡಡ್ಡ ಹಳೇ ಟೈರಿನ ಪಟ್ಟಿ ಬೇರೆ ಹೊಡೆದ್ರು. ಚೆನ್ನಾಗಿ ಮಾಡಿದ್ರು, ಸುಳ್ಳು ಹೇಳಬಾರದು. ಈ ಸಲ ಕಾವಲು ಹಾಕಿದ್ರು. ಯಾರನ್ನ? ತೊರೆ ಪಕ್ಕ ಮನೆ ಇರೋದು ಯಾರದ್ದು? ನನ್ನದೇ! ನನ್ನನ್ನೇ ಹಾಕಿದ್ರು!

ಕಾದೆ ತಾಯಿ, ಕಣ್ಣಲ್ಲಿ ಕಣ್ಣಿಟ್ಟು ಕಾದೆ. ನೀರು ಗುಳುಗುಳು ಅಂತು. ತಲೆ ಮೇಲೆತ್ತಿತು. ‘ಮುಬಿರು’ ಅಂತು. ‘ಏನು ದೊಡ್ಡಪ್ಪಾ’ ಅಂದೆ. ‘ಬೆಳಗಿಂದ ಸಂಜೆವರೆಗೆ ನನ್ನ ತಲೆ ಮೇಲೆ ಟಕಟಕ ಟಕಟಕ ನಡೀತಾರೆ, ಒಬ್ಬನಾದ್ರೂ ನಿಂತು ಮಾತಾಡಿಸ್ತಾನಾ’ ಅಂತು. ನನಗೂ ಕರುಳು ಚುರುಕ್ ಅಂತು. ಎಷ್ಟು ಸತ್ಯ! ಹಿರಿಯರಿಗೆ ಎದುರು ಹೇಳೋಕಾಗುತ್ತಾ? ನುಂಗು ದೊಡ್ಡಪ್ಪಾ ಅಂದೆ. ನುಂಗ್ತು.

ಯಾಕೆ ಹಾಗೆ ನೋಡ್ತೀಯ? ಆ ಹಲಗೆ ಸೇತುವೆ ಇದ್ದಾಗ ಇಲ್ಲಿ ಹೇಗಿತ್ತು ಅಂತಾನಾ? ಇದ್ದದ್ದೇ ಒಂದು ವಾರ. ಆ ವಾರ… ಗುಡ್ಡದ ಜನ ಎಲ್ಲ ಸತ್ತೇ ಹೋದ್ರು ಅಂದ್ಕೊಂಡೆ ನಾನು! ನಿಜ! ಬೆಳಗ್ಗೆ ಅಂಗಳ ಗುಡಿಸಿ ಕೂತೆ. ಸಂಜೆ ನೋಡಿದ್ರೆ ಪೊರಕೆ ಗೆರೆ ಹಾಗೇ ಇದೆ. ಒಂದು ಹೆಜ್ಜೆ ಇಲ್ಲ. ನನಗೆ ಓದೋಕೆ ಒಂದಕ್ಷರ ಇಲ್ಲ. ಮಾರನೇ ದಿನ ಮತ್ತೆ ಗುಡಿಸಿದೆ. ಹಾಗೇ ಇತ್ತು. ಕೊನೆಗೆ ನನ್ನ ಕೋಳೀನ ಹಿಡಿದು ಎದುರಿಗೆ ಕೂರಿಸ್ಕೊಂಡು, ‘ರಾತ್ರಿ ಹೇಗೆ ಕಳೀತು, ಮನೇಲಿ ಎಲ್ಲ ಹೇಗಿದಾರೆ’ ಅಂತ ನಾನೇ ಕೇಳಿದೆ. ಅದೂ ಮುಖ ತಿರುಗಿಸ್ಕೊಂಡು ಹೋಯ್ತು! ಹಹ್ಹಾ! ನಗು, ಇದಕ್ಕೆ ನಗಬಹುದು.

…ಇದಕ್ಕೆ ಮಾತ್ರ ನಗಲ್ಲ ನೀನು.

ಏನು ಕೋಳಿಗೂಡು ನೋಡ್ತಿದೀಯ? ಬಿದಿರಿಂದೇ ಕಟ್ಟಿರೋದು. ಬಿದಿರು ಬಿಟ್ಟು ಚಿನ್ನದಲ್ಲಿ ಕಟ್ಟಲಾ? ಕೋಳಿಗೂಡಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಆ ಕಡೆ ನೋಡಬೇಡ. ಈ ಕಡೆ ತಿರುಗು. ಹಲಸಿನ ತೊಳೆ ತಿಂತೀಯಾ? ನಿನ್ನೆ ಬಡಗಿ ಹೆಂಡ್ತಿ ಕೊಟ್ಟು ಹೋದ್ಲು, ಜೇನು ಜೇನು. ತರ್ತೀನಿ ಇರು…

ಯಾಕೆ ಎದ್ದೆ? ಆಗಲೇ ಹೊರಟ್ಯಾ? ಕೂತ್ಕೋ. ಬೆಂಚು ಚುಚ್ಚುತ್ತಾ? ಏನು ಉದ್ದ? ಉದ್ದಾನೇ. ಒಬ್ಬ ಮುದುಕನಿಗೆ ಇಷ್ಟುದ್ದ ಬೆಂಚು ಯಾಕೆ ಅಂದ್ರೆ… ಬರೋರು ಹೋಗೋರು ಕೂರಲಿ ಅಂತ. ಮಧ್ಯದಲ್ಲಿ ಸವೆದಿದೆಯಾ? ಕೂತು ಕೂತು ಸವೆದಿದೆ. ಬೆಂಚು ಅಂದ್ಮೇಲೆ… ಏಯ್, ಚಾಪೆ! ಚಾಪೆ ಮುಟ್ಟಬೇಡ ಅಂದಿಲ್ವಾ ನಾನು, ಇರುವೆ ಇದೆ… ಕೆಂಪಿರುವೆ… ಆನೆ ಗಾತ್ರದ…

ಅದು ಟೈರಿನ ಪಟ್ಟಿ. ಹೂಂ. ಟೈರಿಂದೇ.

ಬೇರೆ ಟೈರು. ಊರಲ್ಲಿ ಒಂದೇ ಟೈರು ಇರುತ್ತಾ? ಮುದುಕರು ಕೂತಲ್ಲಿಂದ ಜಾರ್ತಾರೆ ತಾಯಿ, ನಿನಗೆ ವಯಸ್ಸಾದಾಗ ಗೊತ್ತಾಗುತ್ತೆ. ಅದಕ್ಕೇ ನಾನೇ ಹೊಡೆದೆ. ಅಡ್ಡಡ್ಡ. ಒಂದೊಂದು ಹೆಜ್ಜೆಗೆ… ಅಂದ್ರೆ ಒಂದೊಂದು ಕುಂಡಿಗೆ ಒಂದೊಂದು.

ಏನು, ಪಟ್ಟಿ ಎಣಿಸ್ತಿದೀಯಾ?

ಸರಿ, ಹಾಗಾದ್ರೆ ನಿಜಾನೇ ಹೇಳ್ತೀನಿ. ಮೀನು ವಾಪಸ್ ತಂದುಕೊಡ್ತು. ಟೈರು ಅದಕ್ಕೆ ಅರಗಲಿಲ್ಲ. ‘ತಗೋ ಮುಬಿರು, ನೀನಾದ್ರೂ ಕೂತ್ಕೋ’ ಅಂತು. ದೊಡ್ಡಪ್ಪ ಕೊಟ್ಟದ್ದನ್ನ ಬೇಡ ಅನ್ನೋಕಾಗುತ್ತಾ? ಇಲ್ಲಿವರೆಗೂ ಅದೇ ಉರುಳಿಸ್ಕೊಂಡು ತಂದು… ಏಯ್, ಬಿಡು, ಎತ್ತೋಕೆ ಹೋಗಬೇಡ! ಸೊಂಟ ಉಳುಕುತ್ತೆ. ನಿನ್ನ ಕೈಲಾಗೋ ಕೆಲಸ ಅಲ್ಲ. ನಾಲ್ಕು ಜನ ಬೋಡಾ ಹುಡುಗರು, ಒಬ್ಬೊಬ್ಬನೂ ಕಟ್ಟುಮಸ್ತು, ಏದುಸಿರು ಬಿಡ್ತಾ ಹೊತ್ತ ಹಲಗೆ ಅದು. ಅಂಥದ್ದನ್ನ ನಾನು ಒಬ್ಬನೇ, ಈ ಹೆಗಲ ಮೇಲೆ, ನೋಡು ಇದೇ ಹೆಗಲು, ಎದೆಮಟ್ಟದ ನೀರಲ್ಲಿ, ಜೊಂಡು ಸೀಳ್ಕೊಂಡು, ಒಂದೇ ಒಂದು ಸಲ ಕೆಳಗಿಡದೆ, ಇಲ್ಲಿವರೆಗೂ…

…

ಯಾಕೆ ಸುಮ್ಮನಾದೆ?

ನಗು. ಈಗ ನಗಬಹುದು. ಹೆಬ್ಬಾವಿನ ಕಥೆ ಕೇಳಿದೆಯಲ್ಲ. ಅದಕ್ಕಿಂತ ದೊಡ್ಡ ಕಥೆ ಇದು, ಹೆಬ್ಬಾವನ್ನ ಯಾರೂ ಹೊತ್ತಿಲ್ಲ.

ಬೈದ್ರೂ ಸರಿ. ಬೈಗುಳಾನೂ ಮಾತೇ. ಸುಮ್ಮನಿರಬೇಡ ತಾಯಿ, ನನಗೆ ಇದು ಆಗಲ್ಲ.

ನಾಲೊಂಗೋ ಮನೆ ಕಡೆ ಯಾಕೆ ನೋಡ್ತೀಯ… ಗೊತ್ತು. ಗೊತ್ತು. ಮೂರನೇ ಕಲ್ಲು ನನಗೂ ಗೊತ್ತು. ಅಲುಗಾಡುತ್ತೆ. ಸರಿ ಮಾಡೋಣ ಅಂತ ಅಂದ್ಕೊಳ್ತಾನೇ ಇದ್ದೆ. ಆದ್ರೆ ಜಾರಿ ಬಿದ್ದೋರು ಸ್ವಲ್ಪ ಹೊತ್ತು ಕೂರ್ತಾರೆ…

ಹೂಂ.

ಸರಿ. ಆ ತುದಿ ನೀನು ಹಿಡಿ. ಇಟ್ಟಿಗೆ ಮೇಲಿಂದ ಮೆಲ್ಲಗೆ… ಹಾಂ. ಮಂಡಿ ಬಗ್ಗಿಸು, ಸೊಂಟ ಅಲ್ಲ. ಇವತ್ತು ಊಟ ಮಾಡಿದೀಯೋ ಇಲ್ವೋ? ಆಫೀಸಿನೋರು ಬರೀ ಚಹಾ ಕುಡಿದೇ ಬದುಕ್ತೀರಿ. ನಡಿ, ಕೆಳಗಿನ ಓಣಿ ಕಡೆ. ಅಲ್ಲಿ ಗುರುತು ಹಾಕು ನಿನ್ನ ಫೋನಲ್ಲಿ, ಜನ ದಾಟ್ತಿದ್ರು ಅಂತ. ದಾಟ್ತಿದ್ರು. ಟಕಟಕ ಟಕಟಕ. ಬೋಡಾ ಹುಡುಗರಿಗೆ ನೀನೇನೂ ಹೇಳಬೇಡ, ಮೀನು ಕಕ್ಕಿದ ಕಥೆ ನಾನು ಹೇಳ್ತೀನಿ. ಒಳ್ಳೇ ಕಥೆ ಆಗುತ್ತೆ, ಅರ್ಧ ಈಗಾಗಲೇ ಸಿದ್ಧವಾಗಿದೆ, ಬಾಲದ ಕಡೆಯದು.

ಇಳಿಸು, ಒಂದು ಗಳಿಗೆ ಇಳಿಸು. ನನಗೆ ಸುಸ್ತಾಗಿಲ್ಲ, ನಿನಗೋಸ್ಕರ.

ತಾಯಿ… ಒಂದು ಮಾತು ಕೇಳಲಾ? ಹಲಗೆ ಹಾಕಿ, ನೀನು ಆ ಕಡೆ ಹೋಗಿ ಅಳೆದು, ಎಲ್ಲ ಮುಗೀತು ಅಂತ ಇಟ್ಕೋ. ನಿನ್ನ ಬೈಕಿನೋನು ಕೆಳಗಿನ ಓಣೀಲಿ ಕಾಯ್ತಾನೆ. ಸೇತುವೆಯಿಂದ ನೇರ ಅಲ್ಲಿಗೇ ಹತ್ತಬಹುದು, ಹತ್ತಿರ, ಗೊತ್ತು ನನಗೆ. ಆದ್ರೆ ನೀನು ವಾಪಸ್ ಹೋಗುವಾಗ… ಈ ಅಂಗಳದ ಮೇಲೇ ಹೋಗ್ತೀಯ ತಾನೇ? ಸ್ವಲ್ಪ ಸುತ್ತಾಗುತ್ತೆ.

ಸ್ವಲ್ಪಾನೇ.

…ತಾನೇ?